ತವರಿಗೆ ಬಂದ ಇಪ್ಪತ್ತು ತಂಗಿಯರು

ಮೈಸೂರಿನ ಒಂದು ಊದುಬತ್ತಿ ಕಾರ್ಖಾನೆಯಲ್ಲಿ ಇಪ್ಪತ್ತು ಹೆಂಗಸರು ದಿನಕ್ಕೆ ಹನ್ನೊಂದು ಗಂಟೆ ಬತ್ತಿ ಹೊಸೆಯುತ್ತಿದ್ದರು. ಅವರಲ್ಲಿ ಹಿರಿಯಳಾದ ದೇವೀರಮ್ಮ ಒಂದು ದಿನ ಸಾಹುಕಾರ ಪದ್ಮರಾಜಯ್ಯನವರಿಗೆ ಹೇಳಿದಳು:

"ದೇಶದೇಶದವರು ಸೇರಿ ಒಪ್ಪಂದ ಮಾಡವ್ರಂತೆ ಬುದ್ಧಿ. ಕಾರ್ಖಾನೆ ಕೆಲಸ ಎಂಟೇ ಗಂಟೆಯಂತೆ."

"ಅದು ಗಿರಣಿಗೆ, ಗಣಿಗೆ ಕಣಮ್ಮ. ಇದು ಕಾರ್ಖಾನೆಯೇ ಅಲ್ಲ, ಮನೆ. ನೀವೆಲ್ಲ ನನ್ನ ತಂಗಿಯರು. ಮನೆಗೆಲಸಕ್ಕೆ ಯಾರಾದ್ರೂ ಗಂಟೆ ನೋಡ್ತಾರಾ?"

ದೇವೀರಮ್ಮ ತಲೆಯಾಡಿಸಿ ಮತ್ತೆ ಬತ್ತಿ ಹೊಸೆಯಲು ಕೂತಳು.

ಗೌರಿಹಬ್ಬದ ಬೆಳಿಗ್ಗೆ ಇಪ್ಪತ್ತೂ ಜನ ಹೂ ಮುಡಿದು, ಮಕ್ಕಳನ್ನು ಕಟ್ಟಿಕೊಂಡು ಸಾಹುಕಾರರ ಮನೆ ಜಗಲಿಯಲ್ಲಿ ಕೂತಿದ್ದರು.

"ಇದೇನಮ್ಮಾ ಇದು?"

"ತವರಿಗೆ ಬಂದ್ವಿ ಅಣ್ಣಯ್ಯ. ಬಾಗಿನ, ಸೀರೆ, ಹೋಳಿಗೆ ಊಟ ಮುಗಿಸ್ಕೊಂಡೇ ಹೋಗ್ತೀವಿ. ಅತ್ತಿಗೆ ಎಲ್ಲಿ?"

ಅತ್ತಿಗೆ ಒಳಗಿನಿಂದ ಇಣುಕಿ ನೋಡಿ, ಬಾಗಿಲು ಹಾಕಿಕೊಂಡರು. ಸಾಹುಕಾರರು ಬೆವರಿದರು.

"ಅಮ್ಮಾ, ಅದು ಕಾರ್ಖಾನೆನೇ! ನಾಳೆಯಿಂದ ಎಂಟೇ ಗಂಟೆ!"

"ಆಗ್ಲಿ ಬುದ್ಧಿ," ಎಂದು ದೇವೀರಮ್ಮ ಎದ್ದಳು. "ಅಣ್ಣ ಅಂದಿದ್ದಕ್ಕೆ ಅರಿಶಿನ ಕುಂಕುಮನಾದ್ರೂ ಕೊಡ್ಸಿ."

ಅರಿಶಿನ ಕುಂಕುಮದ ಜೊತೆಗೆ ಒಬ್ಬೊಬ್ಬರಿಗೂ ಬಾಳೆಹಣ್ಣು ಕೊಡುತ್ತ ಕೊಡುತ್ತ ಸಾಹುಕಾರರಿಗೂ ನಗು ಬಂತು.