ಹಡಗಿನಲ್ಲಿದ್ದ ಯೋನ

ಪೂಜ್ಯ ಅಮೋಸ್ ಅಯ್ಯನವರು ಶಾಂತಸಾಗರದ ಓನೆರಿ ದ್ವೀಪದಲ್ಲಿ ವಾಸವಾಗಿದ್ದುದು ತೆಂಗಿನ ಗರಿ ಹೊದಿಸಿದ ಒಂದೇ ಕೋಣೆಯ ಗುಡಿಸಲಿನಲ್ಲಿ. ನಮ್ಮ ಗಂಗೊಳ್ಳಿ ಕಡೆಯ ದೋಣಿ ಕಟ್ಟುವವರ ಮನೆಯಲ್ಲಿ ಹುಟ್ಟಿದ ಈ ಪುಣ್ಯಾತ್ಮರು ದೇವರ ಸೇವೆಗೆಂದು ಅಷ್ಟು ದೂರ ಹೋದರು. ಹೋದಲ್ಲಿಯೂ ಉಳಿ, ಸುತ್ತಿಗೆ ಅವರನ್ನು ಬಿಡಲಿಲ್ಲ. ಸುತ್ತಲಿನ ದ್ವೀಪಗಳಿಗೆ ಸುವಾರ್ತೆ ಒಯ್ಯಲು ಹಡಗು ಬೇಕಾಗಿತ್ತು, ಕಳಿಸಿಕೊಡುವವರು ಯಾರೂ ಇರಲಿಲ್ಲ. ಆದ್ದರಿಂದ ತಾವೇ ಕಟ್ಟಲು ನಿಂತರು. ದೀವಿಹಲಸು ಎನ್ನುವ ಜೀಗುಜ್ಜೆ ಮರದ ಹಲಗೆಗಳು, ಮೊಳೆ ಸಾಲದ ಕಡೆಯಲ್ಲಿ ತೆಂಗಿನ ನಾರಿನ ಹುರಿಯ ಹೊಲಿಗೆ, ಹಾಯಿಗೆ ಕೇದಗೆ ಎಲೆಯ ಚಾಪೆ. ಕಟ್ಟಿ ಮುಗಿದಾಗ ಅದು ಹಡಗಿಗಿಂತ ಹೆಚ್ಚಾಗಿ ತೇಲುವ ಕೊಟ್ಟಿಗೆಯಂತಿತ್ತೆಂದು ಅಯ್ಯನವರೇ ನಗುತ್ತಿದ್ದರಂತೆ. ಅದಕ್ಕೆ ‘ಸಮಾಧಾನ’ ಎಂದು ಹೆಸರಿಟ್ಟರು.

ಚುಕ್ಕಾಣಿ ಹಿಡಿಯಲು ಸಿಕ್ಕಿದವನು ಮಾನುಕೊ. ಕಡಲನ್ನು ಚೆನ್ನಾಗಿ ಬಲ್ಲವನು, ದೀಕ್ಷಾಸ್ನಾನವಾಗಿ ಹೆಚ್ಚು ಕಾಲವಾಗಿರಲಿಲ್ಲ. ಹಲಗೆ ಹೊಲಿಯುವ ಸಂಜೆಗಳಲ್ಲಿ ಅಯ್ಯನವರು ಪ್ರವಾದಿ ಯೋನನ ಕಥೆ ಹೇಳುತ್ತಿದ್ದರು. ಒಬ್ಬನ ದೆಸೆಯಿಂದ ಬಿರುಗಾಳಿ ಎದ್ದದ್ದು, ನಾವಿಕರು ಅವನನ್ನು ನೀರಿಗೆ ಎಸೆದದ್ದು, ಕೂಡಲೇ ಕಡಲು ತಣ್ಣಗಾದದ್ದು. ಇಷ್ಟು ಕೇಳಿ, ದೇವರು ಅವನನ್ನು ಉಳಿಸಿದ ಮುಂದಿನ ಭಾಗಕ್ಕೆ ನಿಲ್ಲದೆ, ಮಾನುಕೊ ತೃಪ್ತಿಯಿಂದ ಎದ್ದು ಹೋಗಿಬಿಡುತ್ತಿದ್ದ. ಅವನ ಹಿಂದೆ ಉಳಿದ ನಾವಿಕರೂ ಏಳುತ್ತಿದ್ದರು. ಉಪದೇಶದಲ್ಲಿ ತಮಗೆ ರುಚಿಸಿದ್ದನ್ನಷ್ಟೇ ಕಟ್ಟಿಕೊಂಡು ಮನೆಗೆ ಹೋಗುವವರು ನಮ್ಮ ಸಭೆಗಳಲ್ಲೂ ಇದ್ದೇವಲ್ಲವೇ? ಅವರನ್ನು ಮಾತ್ರ ದೂರಿ ಫಲವಿಲ್ಲ.

ಮೊದಲ ಪಯಣ ತಲಾವ ದ್ವೀಪಕ್ಕೆಂದು ಗೊತ್ತಾಯಿತು. ಆಗ ಸೇಲಾ ಎಂಬ ಹೆಂಗಸು ಅಯ್ಯನವರ ಗುಡಿಸಲಿಗೆ ಬಂದಳು. ಅವಳು ಮಾನುಕೊನ ಅಣ್ಣನ ಹೆಂಡತಿ. ಮೀನಿಗೆ ಹೋದ ಆ ಅಣ್ಣ ಮರಳಿ ಬಂದಿರಲಿಲ್ಲ. ಗಂಡನನ್ನು ಕಡಲಿಗೆ ಕಳೆದುಕೊಂಡ ಹೆಂಗಸು ದೋಣಿ ಹತ್ತಬಾರದೆಂಬುದು ಆ ದ್ವೀಪದವರ ಕಟ್ಟಳೆ. ಅರ್ಧ ಉಂಡ ಕಡಲು ಉಳಿದರ್ಧಕ್ಕೆ ಬಂದೇ ಬರುತ್ತದೆಂದು ಅವರ ನಂಬಿಕೆ.

“ಅಯ್ಯನವರೇ, ತಲಾವದಲ್ಲಿ ನನ್ನ ಮಗಳು ಲೀಪಾ ಹೆರಬೇಕು. ಹೋದ ಸಲ ಮಗು ಉಸಿರಾಡಲೇ ಇಲ್ಲ. ಅವಳೂ ಉಳಿದದ್ದು ಹೆಚ್ಚು. ಈ ಸಲ ನಾನು ಹತ್ತಿರ ಇರಬೇಕು,” ಎಂದಳು.

“ಬಾ ತಾಯಿ,” ಎಂದರು ಅಯ್ಯನವರು.

ಮಾನುಕೊ ಕೆಂಡವಾದ. “ಅಣ್ಣನನ್ನು ತಿಂದವಳು ಇವಳು. ಹಡಗಿಗೆ ಒಳ್ಳೆಯದಾಗುವುದಿಲ್ಲ,” ಎಂದ. ಅಯ್ಯನವರೋ, ಮಗುವಿಗೆಂದು ಹಳೆಯ ಮೆತ್ತನೆಯ ಬಟ್ಟೆ ತುಂಬಿದ್ದ ಅವಳ ಗಂಟನ್ನು ತಾವೇ ಎತ್ತಿ ಹಡಗಿನಲ್ಲಿರಿಸಿದರು. ಮಾನ್ಯರ ಕಾಲು ನೀರಿಗೆ ತಾಗದಂತೆ ಚುಕ್ಕಾಣಿಯವನು ಬೆನ್ನ ಮೇಲೆ ಹೊತ್ತು ಹಡಗಿಗೇರಿಸುವುದು ಅಲ್ಲಿಯ ಮರ್ಯಾದೆ. ಮಾನುಕೊ ಅಯ್ಯನವರನ್ನು ಹೊತ್ತು ತಂದ. ಸೇಲಾ ಎದೆಯವರೆಗೆ ನೀರಿನಲ್ಲಿ ನಡೆದು ಬಂದು, ಯಾರೂ ಕೈ ನೀಡದಿದ್ದಾಗ ಹಗ್ಗ ಹಿಡಿದು ಹತ್ತಿದಳು.

ಮರುದಿನ ಮಧ್ಯಾಹ್ನದವರೆಗೆ ಎಲ್ಲವೂ ನೆಟ್ಟಗಿತ್ತು. ಆಮೇಲೆ ಗಾಳಿ ದಿಕ್ಕು ಬದಲಿಸಿತು. ಅಲೆಗಳು ಹಡಗನ್ನು ಎತ್ತಿ ಎತ್ತಿ ಕುಕ್ಕತೊಡಗಿದವು. ಒಂದು ಬದಿಯ ಹೊಲಿಗೆ ಸಡಿಲಿ ನೀರು ಒಳಗೆ ಬರತೊಡಗಿತು. ಅಯ್ಯನವರೂ ಸೇಲಾಳೂ ನಾವಿಕರೂ ಮರದ ಬೋಗುಣಿಗಳಿಂದ ಎತ್ತಿ ಎತ್ತಿ ಚೆಲ್ಲಿದರು. ಚೆಲ್ಲಿದಷ್ಟೂ ತುಂಬುತ್ತಿತ್ತು. ಮಗಳು ಹೇಗೆ ನರಳುತ್ತಿದ್ದಾಳೋ ಎಂಬ ದಿಗಿಲಿನಲ್ಲಿ ಸೇಲಾ ತಲೆ ಎತ್ತದೆ ದುಡಿಯುತ್ತಿದ್ದಳು. ನಾವಿಕರು ಒಬ್ಬೊಬ್ಬರಾಗಿ ಅವಳತ್ತ ನೋಡತೊಡಗಿದ್ದು ಅವಳಿಗೆ ಕಾಣಲಿಲ್ಲ. ಅಯ್ಯನವರಿಗೆ ಕಂಡಿತು.

ಮಾನುಕೊ ಚುಕ್ಕಾಣಿಯನ್ನು ಇನ್ನೊಬ್ಬನಿಗೆ ಕೊಟ್ಟು ಬಂದ. “ಅಯ್ಯನವರೇ, ನೀವೇ ಹೇಳಿಕೊಟ್ಟ ಕಥೆ ಇದು. ಹಡಗಿನಲ್ಲಿ ಯೋನ ಇದ್ದಾನೆ. ಎಸೆಯದಿದ್ದರೆ ಎಲ್ಲರೂ ಸಾಯುತ್ತೇವೆ.”

ಸೇಲಾ ಬೋಗುಣಿ ಕೆಳಗಿಟ್ಟಳು. ಅಳಲಿಲ್ಲ. “ನಾನು ಹೋದರೆ ಹಡಗು ತಲಾವಕ್ಕೆ ಮುಟ್ಟುವುದು ಖಂಡಿತವೇ?” ಎಂದು ಕೇಳಿದಳು. ಮಾನುಕೊ ಹೌದೆಂದು ತಲೆಯಾಡಿಸಿದ. “ಹಾಗಾದರೆ ಆ ಗಂಟನ್ನು ಲೀಪಾಳಿಗೆ ಕೊಡಿ,” ಎಂದಳು.

ತಾವು ಪ್ರೀತಿಯಿಂದ ಹೇಳಿದ ದೇವರ ಮಾತು ಒಬ್ಬ ಬಡ ಹೆಂಗಸಿನ ಕೊರಳಿಗೆ ಬಂದು ನಿಂತದ್ದನ್ನು ಅಯ್ಯನವರು ಕಂಡರು. ನಿಲುವಂಗಿ ಕಳಚಿ, ಮಡಚಿ, ಸೇಲಾಳ ಗಂಟಿನ ಮೇಲಿಟ್ಟರು. ಹಡಗಿನ ಅಂಚಿಗೆ ಹತ್ತಿ ಹಗ್ಗ ಹಿಡಿದು ನಿಂತರು.

“ಮಾನುಕೊ, ಆ ನಾವಿಕರು ಎಸೆದದ್ದು ಗಂಡ ಸತ್ತ ಹೆಂಗಸನ್ನಲ್ಲ, ದೇವರ ಮಾತು ಹೊತ್ತವನನ್ನು. ಈ ಹಡಗಿನಲ್ಲಿ ಅವನು ನಾನು. ಬೇಗ ಮಾಡು, ಆಕೆಯ ಮಗಳು ಕಾಯುತ್ತಿದ್ದಾಳೆ.”

ಮಾನುಕೊ ಹತ್ತಿರ ಬಂದ. ಅಷ್ಟರಲ್ಲಿ ದೊಡ್ಡ ಅಲೆಯೊಂದು ಬಂದು ಹಡಗು ವಾಲಿತು, ಅಯ್ಯನವರ ಕಾಲು ಜಾರಿತು. ಎಸೆಯಬೇಕಾದ ಕೈಗಳೇ ಅವರ ಸೊಂಟವನ್ನು ಬಿಗಿಯಾಗಿ ಹಿಡಿದವು. “ಇಳಿಯಿರಿ ಅಯ್ಯನವರೇ, ಇಳಿಯಿರಿ,” ಎಂದ ಮಾನುಕೊ.

“ಆಕೆ?”

“ಆಕೆಯೂ ಇರಲಿ.”

ಆ ಕ್ಷಣವೇ ಗಾಳಿ ನಿಂತಿತೆಂದು ಬರೆಯಲು ನನಗೂ ಆಸೆ. ಆದರೆ ನಿಲ್ಲಲಿಲ್ಲ. ಸಡಿಲಿದ ಹಲಗೆಗಳಿಗೆ ಸೇಲಾ ಬೆನ್ನು ಕೊಟ್ಟು ಒತ್ತಿ ಕುಳಿತಳು. ಮಾನುಕೊ ತಾನು ಮಲಗುವ ಚಾಪೆಯನ್ನೇ ಹರಿದು ಸಂದಿಗೆ ತುಂಬಿದ, ಹುರಿ ಬಿಗಿದು ಕಟ್ಟಿದ. ಗಾಳಿ ತನಗೆ ಸಾಕಾದಾಗ ಅಡಗಿತು. ಬೆಳಗಾದಾಗ ತಲಾವದ ತೆಂಗಿನ ತಲೆಗಳು ಕಂಡವು.

ದಡದಲ್ಲಿ ಜನ ಸೇರಿದ್ದರು. ಯಾರ ಮುಖದಲ್ಲೂ ನಗುವಿರಲಿಲ್ಲ. ಮಾನುಕೊ ನೀರಿಗಿಳಿದ. ಅಯ್ಯನವರು ಅಭ್ಯಾಸದಂತೆ ಅಂಚಿಗೆ ಬಂದರು. ಅವನು ಅವರನ್ನು ದಾಟಿ ಹೋಗಿ ಸೇಲಾಳ ಮುಂದೆ ಬೆನ್ನು ಬಗ್ಗಿಸಿದ.

“ಅತ್ತಿಗೆ, ಹತ್ತಿಕೊಳ್ಳಿ.”

ಅಣ್ಣ ಸತ್ತ ಮೇಲೆ ಅವನು ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. ಸೇಲಾ ಹಿಂಜರಿದು ಹತ್ತಿದಳು. ಲೀಪಾಳಿಗೆ ನೋವು ಶುರುವಾಗಿದೆ, ತಡವಾಗುತ್ತಿದೆ ಎಂದು ದಡದಿಂದ ಯಾರೋ ಕೂಗಿ ಹೇಳಿದರು. “ಬೇಗ, ಮಾನುಕೊ,” ಎಂದಳು. ಅವನು ಓಡಿದ. ದಡ ಬಂದರೂ ಇಳಿಸದೆ, ಮರಳು ದಾಟಿ, ಹೆರಿಗೆಯ ಗುಡಿಸಲಿನ ಬಾಗಿಲಿನವರೆಗೆ ಹೊತ್ತುಕೊಂಡೇ ಓಡಿದ. ಅಯ್ಯನವರು ಗಂಟನ್ನು ತಲೆಯ ಮೇಲಿಟ್ಟುಕೊಂಡು ನೀರಿನಲ್ಲಿ ನಡೆದು ಹಿಂದೆ ಬಂದರು. ಜೀವಮಾನದಲ್ಲಿ ತಮಗೆ ಸಂದ ಅತಿ ದೊಡ್ಡ ಮರ್ಯಾದೆ ಅದೇ ಎಂದು ಮುಂದೆ ಹೇಳುತ್ತಿದ್ದರು.

ಗಂಟು ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಹೊರಗೆ ಇಬ್ಬರೂ ಒದ್ದೆ ಬಟ್ಟೆಯಲ್ಲೇ ಕುಳಿತರು. ಒಳಗಿನಿಂದ ಲೀಪಾಳ ನರಳಿಕೆ, ಸೇಲಾಳ ಮೆಲುದನಿ. ಬಹಳ ಹೊತ್ತು ಅಷ್ಟೇ. ಮಾನುಕೊ ಮುಖವನ್ನು ಮೊಣಕಾಲುಗಳ ನಡುವೆ ಹುದುಗಿಸಿದ್ದ. ಕೊನೆಗೆ ಕೂಸು ಅತ್ತಿತು, ನಿಲ್ಲಿಸದೆ ಅತ್ತಿತು.

ಮಾನುಕೊ ಕಣ್ಣೊರೆಸಿಕೊಂಡು ಅಯ್ಯನವರ ಕಡೆ ತಿರುಗಿದ.

“ಅಯ್ಯನವರೇ, ಯೋನನನ್ನು ಎಸೆದ ಮೇಲೆ ಮುಂದೇನಾಯಿತು? ಉಳಿದದ್ದನ್ನೂ ಹೇಳಿ. ಇವತ್ತು ಎದ್ದು ಹೋಗುವುದಿಲ್ಲ.”