ಪೆಡಲಿನ ಕೆಳಗಿನ ಬೋಲ್ಟು

"ಗುರುಗಳೇ, ಶಿಷ್ಯರ ಒಳ್ಳೆಯದಕ್ಕೆಂದು ಅವರ ಶಕ್ತಿಯನ್ನು ಅವರಿಂದಲೇ ಮುಚ್ಚಿಟ್ಟರೆ ತಪ್ಪೇ?" ಎಂದು ಮರುಳಸಿದ್ಧ ಕೇಳಿದ.

ಅವನು ಈ ಗುರುಗಳ ಬಳಿಯೇ ಹಾಡಲು ಕಲಿತವನು. ಈಗ ತಾನೂ ನಾಲ್ಕು ಜನಕ್ಕೆ ಕಲಿಸುತ್ತಿದ್ದ.

"ಯಾರ ಶಕ್ತಿಯನ್ನು ಮುಚ್ಚಿಟ್ಟೆ?" ಎಂದರು ಗುರುಗಳು.

"ನನ್ನಲ್ಲಿ ಒಬ್ಬ ಹುಡುಗಿ ಕಲಿಯುತ್ತಿದ್ದಾಳೆ. ಅವಳ ದನಿ ಬಹಳ ಮೇಲಕ್ಕೆ ಹೋಗುತ್ತದೆ. ಅಷ್ಟು ಮೇಲೆ ಹಾಡಿದರೆ ಕಂಠ ಕೆಟ್ಟೀತೆಂದು ನನಗೆ ಹೆದರಿಕೆ. 'ನಿನ್ನ ದನಿಯ ಮಿತಿ ಇಷ್ಟೇ' ಎಂದು ಹೇಳಿಬಿಟ್ಟಿದ್ದೇನೆ. ನಂಬಿದ್ದಾಳೆ. ಬರುವ ತಿಂಗಳು ಅವಳು ದೊಡ್ಡ ವಿದ್ವಾಂಸರ ಮುಂದೆ ಹಾಡಬೇಕು. ಕಂಠ ಉಳಿದರೆ ಸಾಕಲ್ಲವೇ?"

ಗುರುಗಳು ತಂಬೂರಿಗೆ ಗವಸು ಹಾಕಿ ಪಕ್ಕಕ್ಕಿಟ್ಟರು. "ಒಂದು ಕತೆ ಹೇಳುತ್ತೇನೆ. ಕಾರಿನ ಕತೆ. ಹಾಡುವವರಿಗೆ ಕಾರಿನ ಉಸಾಬರಿ ಯಾಕೆಂದು ಮೂಗು ಮುರಿಯಬೇಡ" ಎಂದರು.

ಒಂದೂರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಲಾರಿ, ಟೆಂಪೊ ರಿಪೇರಿ ಅವನ ಕಸುಬು. ಗುಜರಿಗೆ ಹೊರಟ ಗಾಡಿಯನ್ನು ಇನ್ನೂ ಹತ್ತು ವರ್ಷ ಓಡುವಂತೆ ಮಾಡುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಅವನ ಮಗಳು ಗ್ಯಾರೇಜಿನಲ್ಲೇ ಆಡಿ ಬೆಳೆದವಳು. ಅವಳಿಗೆ ಒಂದೇ ಆಸೆ, ಡ್ರ್ಯಾಗ್ ರೇಸಿನಲ್ಲಿ ಕಾರು ಓಡಿಸಬೇಕು. ಆ ರೇಸಿನಲ್ಲಿ ತಿರುವಿಲ್ಲ, ಸುತ್ತಿಲ್ಲ. ಎರಡು ಕಾರು ಪಕ್ಕಪಕ್ಕ ನಿಲ್ಲುತ್ತವೆ. ದೀಪ ಹಸಿರಾದರೆ ನೇರ ರಸ್ತೆಯಲ್ಲಿ ನಾನೂರು ಮೀಟರು. ನೋಡುವವರು ಬಿಗಿಹಿಡಿದ ಉಸಿರು ಬಿಡುವುದರೊಳಗೆ ಮುಗಿದುಹೋಗುತ್ತದೆ.

ಅಂಥ ಎಂಜಿನ್ ಕೊಳ್ಳುವ ತಾಕತ್ತು ಅವರಿಗಿರಲಿಲ್ಲ. ಅಪ್ಪ ಮಗಳು ಗುಜರಿಯಿಂದಲೇ ಒಂದನ್ನು ಕಟ್ಟಿದರು. ಬ್ಲಾಕು ಗುದ್ದಿಸಿಕೊಂಡ ಕಾರಿನದು, ಕ್ರ್ಯಾಂಕು ಬೇರೆ ಯಾವುದರದೋ. ಪಿಸ್ಟನ್ ಆಡುವ ಬೋರನ್ನು ದೊಡ್ಡದು ಮಾಡಿಸಿ ದೊಡ್ಡ ಪಿಸ್ಟನ್ ಕೂರಿಸಿದರು. ಎರಡು ಬೇಸಿಗೆ ಇದರಲ್ಲೇ ಕಳೆಯಿತು. ಪಿಸ್ಟನ್ನಿನ ಹೊಡೆತವನ್ನೆಲ್ಲ ತಡೆಯುವ ಕನೆಕ್ಟಿಂಗ್ ರಾಡುಗಳು ಮಾತ್ರ ಹಳೆಯವೇ ಉಳಿದವು. ಗಟ್ಟಿ ರಾಡಿನ ಬೆಲೆ ಕೇಳಿ ಅಪ್ಪ ಅಂಗಡಿಯಿಂದ ಸುಮ್ಮನೆ ವಾಪಸ್ಸು ಬಂದಿದ್ದ.

ಲಾರಿ ಮಾಲೀಕರಲ್ಲಿ ಒಂದು ಉಪಾಯವುಂಟು. ಡ್ರೈವರಿಗೆ ಹೇಳದೆ ಆಕ್ಸಿಲರೇಟರ್ ಪೆಡಲಿನ ಕೆಳಗೆ ಒಂದು ಬೋಲ್ಟು ಹಾಕಿಸುತ್ತಾರೆ. ಪೆಡಲು ಪೂರ್ತಿ ಇಳಿಯುವುದಿಲ್ಲ. ಡ್ರೈವರು ಪೂರ್ತಿ ತುಳಿದೆನೆಂದುಕೊಳ್ಳುತ್ತಾನೆ. ಡೀಸೆಲ್ ಉಳಿಯುತ್ತದೆ, ಎಂಜಿನ್ ಬಾಳುತ್ತದೆ. ಎಷ್ಟೋ ಲಾರಿಗೆ ಈ ಮೆಕ್ಯಾನಿಕ್ಕೇ ಅಂಥ ಬೋಲ್ಟು ಹಾಕಿಕೊಟ್ಟಿದ್ದ. ಮಗಳ ಕಾರಿಗೆ ಪೆಡಲು ಕೂರಿಸುವಾಗ, ಅವಳು ಊಟಕ್ಕೆ ಹೋದದ್ದನ್ನು ನೋಡಿ, ಅದಕ್ಕೂ ಒಂದನ್ನು ಹಾಕಿ ಮೇಲೆ ಮ್ಯಾಟು ಹಾಸಿದ.

ಮಗಳ ಜೀವಕ್ಕೆ ಹೆದರಿ ಹಾಕಿದ್ದಲ್ಲ. ಎಂಜಿನ್ನಿಗೂ ಅವಳು ಕೂರುವ ಜಾಗಕ್ಕೂ ನಡುವೆ ದಪ್ಪ ತಗಡು ಕೂರಿಸಿದ್ದ. ಪೂರ್ತಿ ತುಳಿದಾಗ ಆ ಹಳೆಯ ರಾಡು ಮುರಿದರೆ ಎಂಜಿನ್ ಹೋಗುತ್ತಿತ್ತು, ಅಷ್ಟೇ. ಆದರೆ ಗಾಡಿ ಉಳಿಸುವುದೇ ಅವನ ಜಾಯಮಾನ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ.

ರೇಸಿನ ದಿನ ಬಂತು. ಗೆದ್ದರೆ ಒಂದು ರೇಸಿಂಗ್ ತಂಡ ಅವಳನ್ನು ಸೇರಿಸಿಕೊಳ್ಳುವುದೆಂದು ಮಾತಾಗಿತ್ತು. ದೀಪ ಹಸಿರಾಯಿತು. ಮಗಳು ಚೆನ್ನಾಗಿ ಹೊರಟಳು. ಅರ್ಧ ದಾರಿಗೂ ಮೀರಿ ಅವಳೇ ಮುಂದಿದ್ದಳು. ಕೊನೆಯಲ್ಲಿ ಪಕ್ಕದ ಕಾರು ಮೂತಿಯಷ್ಟು ಮುಂದೆ ಹೋಗಿ ಗೆದ್ದಿತು.

ಅವಳು ಹೆಲ್ಮೆಟ್ ತೆಗೆದು ಅಪ್ಪನ ಹತ್ತಿರ ಬಂದಳು. "ಎಂಜಿನ್ನಿಂದು ತಪ್ಪಿಲ್ಲಪ್ಪ. ಪೂರ್ತಿ ತುಳಿದೆ. ನನ್ನ ಕೈಲಿ ಆಗೋದೇ ಇಷ್ಟು" ಎಂದಳು.

ನಿಜ ಅವನ ನಾಲಿಗೆಯ ತುದಿಗೆ ಬಂದಿತ್ತು. "ಮುಂದಿನ ಸಲ ನೋಡೋಣ ಬಿಡಮ್ಮ" ಎಂದುಬಿಟ್ಟ.

ದಾರಿಯಲ್ಲಿ ಹೇಳೋಣವೆಂದುಕೊಂಡ. ಅವಳು ಕಣ್ಣು ಮುಚ್ಚಿ ಕೂತಿದ್ದಳು. ಮನೆಯಲ್ಲಿ ಹೇಳೋಣವೆಂದುಕೊಂಡ. ಅಲ್ಲಿ ನೆಂಟರಿದ್ದರು. ಹೇಳಬೇಕಾದ ಮಾತಿಗೂ ಒಂದು ಹೊತ್ತಿರುತ್ತದೆ, ಮರುಳಸಿದ್ಧ. ಆ ಹೊತ್ತು ದಾಟಿತು. ಅವಳು ಮತ್ತೆ ರೇಸಿಗೆ ಹೋಗಲಿಲ್ಲ. ಒಂದು ಶೋರೂಮಿನಲ್ಲಿ ಬಿಲ್ಲು ಹಾಕುವ ಕೆಲಸಕ್ಕೆ ಸೇರಿದಳು. ಯಾರಾದರೂ ಏನಾದರೂ ಹೊಸದಕ್ಕೆ ಕರೆದರೆ, "ನನ್ನ ಅಳತೆ ನನಗೆ ಗೊತ್ತು ಬಿಡಿ" ಅನ್ನುತ್ತಿದ್ದಳು. ನಗುತ್ತಲೇ ಅನ್ನುತ್ತಿದ್ದಳು. ಅದನ್ನು ಕೇಳಿದ ದಿನ ಅಪ್ಪ ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದ.

ಒಂದು ಬೆಳಿಗ್ಗೆ ಅವನು ಬೋಲ್ಟು ಬಿಚ್ಚಿದ. ಕಾರನ್ನು ಊರಾಚೆಯ ಖಾಲಿ ರಸ್ತೆಗೆ ಒಯ್ದು ಪೂರ್ತಿ ತುಳಿದ. ರಾಡು ಮುರಿಯಲಿ ಎಂದೇ ತುಳಿದ. ಮುರಿದಿದ್ದರೆ ತಾನು ಮಾಡಿದ್ದು ಸರಿ ಎಂದಾದರೂ ಆಗುತ್ತಿತ್ತು. ಮುರಿಯಲಿಲ್ಲ. ಕಾರು ಅವನು ಎಂದೂ ಕಾಣದ ವೇಗದಲ್ಲಿ ಹೋಯಿತು. ಅವನು ಕಾರನ್ನು ನಿಲ್ಲಿಸಿ, ಸ್ಟಿಯರಿಂಗಿಗೆ ಹಣೆ ಇಟ್ಟು ಅತ್ತ.

ಮನೆಗೆ ಬಂದು ಮಗಳ ಮುಂದೆ ಬೋಲ್ಟು ಹಿಡಿದ. ಎಲ್ಲವನ್ನೂ ಹೇಳಿದ. "ನೀನು ಸೋತಿಲ್ಲಮ್ಮ, ನಾನು ಸೋಲಿಸಿದೆ. ಬಾ, ಒಂದು ಸಲ ಓಡಿಸಿ ನೋಡು" ಎಂದ.

ಮಗಳು ಬೋಲ್ಟನ್ನು ನೋಡಿದಳು. ಗ್ಯಾರೇಜಿನಲ್ಲಿ ಬೋಲ್ಟಿಗೇನು ಬರ? ಅಪ್ಪನ ಕೈಯನ್ನು ಮೆಲ್ಲಗೆ ಮುಚ್ಚಿದಳು.

"ನನಗೆ ಸಮಾಧಾನ ಮಾಡೋಕೆ ಇಷ್ಟೆಲ್ಲ ಹೇಳಬೇಡಪ್ಪ. ನಾನು ಆಗಲೇ ಮರೆತಿದ್ದೀನಿ" ಎಂದಳು. ಕೆಲಸಕ್ಕೆ ಹೊತ್ತಾಯಿತೆಂದು ಹೊರಟುಹೋದಳು.

ಗುರುಗಳು ಕತೆ ನಿಲ್ಲಿಸಿದರು. ತಾನು ಮಾಡಿದ್ದನ್ನು ಬಿಟ್ಟುಕೊಡಲು ಮರುಳಸಿದ್ಧನಿಗಿನ್ನೂ ಮನಸ್ಸಿರಲಿಲ್ಲ.

"ಆದರೂ ಗುರುಗಳೇ, ಎಂಜಿನ್ ಉಳಿಯಿತಲ್ಲವೇ?" ಎಂದ.

"ಉಳಿಯಿತಪ್ಪ, ಇವತ್ತಿಗೂ ಹೊಸದರ ಹಾಗಿದೆ" ಎಂದರು ಗುರುಗಳು.