ಹಾಲುಗಂಬದ ಬೀದಿ

ಕೆಂಚನಕೋಟೆಯ ಬಸ್ ನಿಲ್ದಾಣದಲ್ಲಿ ಇಳಿದರೆ ದಾರಿ ಕೇಳಬೇಕಾಗಿಲ್ಲ. ಜನ ಹೋಗುತ್ತಿರುವ ಕಡೆ ಹೋದರೆ ಸಾಕು. ಕೋಟೆಯ ಹೆಬ್ಬಾಗಿಲಿನಿಂದ ಕೆಳಗಿನ ಕೆರೆಯವರೆಗೆ ಇರುವುದೇ ಹಾಲುಗಂಬದ ಬೀದಿ. ಊರಿನ ದೊಡ್ಡ ಪೇಟೆ ಅದು. ಸೀರೆ, ಬಳೆ, ಸ್ಟೀಲ್ ಪಾತ್ರೆ, ಚಪ್ಪಲಿ, ಮೊಬೈಲಿನ ಕವರು, ಎಲ್ಲ ಅಲ್ಲೇ. ಕೋಟೆ ನೋಡಲು ಬಂದವರು ಬಾಗಿಲಲ್ಲಿ ಫೋಟೊ ತೆಗೆಸಿಕೊಂಡು, ಬುರುಜು ಹತ್ತಿ ಇಳಿದು, ಬಿಸಿಲಿಗೆ ಸುಸ್ತಾಗಿ ಈ ಬೀದಿಗೆ ಬರುತ್ತಾರೆ. ಕಬ್ಬಿನ ಹಾಲು ಕುಡಿಯುತ್ತಾರೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಾರೆ. ಕೆರೆಯಲ್ಲಿ ದೋಣಿ ಹತ್ತಬೇಕೆಂದು ಹೊರಟವರು ಕೆರೆ ತಲುಪುವ ಹೊತ್ತಿಗೆ ಎರಡೂ ಕೈಯಲ್ಲಿ ಚೀಲ ಹಿಡಿದಿರುತ್ತಾರೆ. ದೋಣಿಯವನು ಚೀಲಕ್ಕೂ ಜಾಗ ಮಾಡಿಕೊಡುತ್ತಾನೆ. ಬೀದಿ ಹೆಬ್ಬಾಗಿಲಿನಿಂದ ನೇರವಾಗಿ ಹೊರಟು, ನಡುವೆ ಒಂದು ಕಡೆ ಪಕ್ಕಕ್ಕೆ ಸರಿದು, ಒಂದು ಆಲದ ಮರವನ್ನು ಬಳಸಿಕೊಂಡು, ಮತ್ತೆ ನೇರವಾಗುತ್ತದೆ. ಹೊಸಬರು ಆಟೋದವರನ್ನು ಕೇಳುವುದು ಎರಡೇ ಪ್ರಶ್ನೆ. ಬೀದಿ ಇಲ್ಲೇಕೆ ಸೊಟ್ಟ? ಹೆಸರಿನಲ್ಲಿರುವ ಕಂಬ ಎಲ್ಲಿ? ಎರಡಕ್ಕೂ ಉತ್ತರ ಆ ಮರವೇ. ವಿವರವಾಗಿ ಹೇಳಲು ಆಟೋದವರಿಗೆ ಪುರುಸೊತ್ತಿಲ್ಲ.

ಹಿಂದೆ ಒಮ್ಮೆ, ಪಾಳೆಯಗಾರ ಕೆಂಚನಾಯಕ ಆಳುತ್ತಿದ್ದಾಗ, ಇಲ್ಲಿ ಬೀದಿ ಇರಲಿಲ್ಲ. ಕೋಟೆಗೂ ಕೆರೆಗೂ ನಡುವೆ ನೇಕಾರರ ಕೇರಿ, ಅದರಾಚೆ ಬಣ್ಣಗಾರರ ಕೇರಿ, ಉಳಿದದ್ದು ಜಾಲಿಗಿಡ. ನಾಯಕನಿಗೆ ಒಂದು ಆಸೆ ಇತ್ತು ಎನ್ನುತ್ತಾರೆ. ಹೆಬ್ಬಾಗಿಲಲ್ಲಿ ನಿಂತರೆ ಕೆರೆಯ ನೀರು ಕಾಣಬೇಕು. ದಸರೆಯ ಮೆರವಣಿಗೆ ಆ ದಾರಿಯಲ್ಲಿ ನೆಟ್ಟಗೆ ಇಳಿಯಬೇಕು. ಅಳತೆಗಾರ ತಿಪ್ಪಯ್ಯನಿಗೆ ಅಪ್ಪಣೆಯಾಯಿತು. ತಿಪ್ಪಯ್ಯ ಕೆಲಸ ಬಲ್ಲವನು. ದೂರ ದೂರಕ್ಕೆ ಹಸಿ ಕೊಂಬೆ ನೆಡಿಸುವನು. ಹೆಬ್ಬಾಗಿಲಲ್ಲಿ ನಿಂತು ಒಂದು ಕಣ್ಣು ಮುಚ್ಚಿ, ಒಂದರ ಹಿಂದೆ ಒಂದು ಮರೆಯಾಗುವಂತೆ ಸಾಲು ಹಿಡಿಯುವನು. ಆಮೇಲೆ ಹಗ್ಗ. ಕೊಂಬೆಯ ತುದಿಯ ಎಲೆ ಸವರುತ್ತಿರಲಿಲ್ಲ. ಎಲೆ ಇದ್ದರೆ ದೂರಕ್ಕೆ ಕಾಣುತ್ತದೆ. ಬಿಸಿಲೇರಿದರೆ ಝಳಕ್ಕೆ ಕಣ್ಣು ಮೋಸ ಹೋಗುತ್ತದೆಂದು ಸೂರ್ಯ ಹುಟ್ಟುವ ಮೊದಲೇ ನೆಡಿಸುತ್ತಿದ್ದ. ಕೆರೆ ಏರಿಯ ಮೇಲೆ ಆಲದ ಮರಗಳಿದ್ದವು. ಅವುಗಳ ಕೊಂಬೆಯನ್ನೇ ಕಡಿಸಿದ.

ನೇಕಾರರ ಕೇರಿಯಲ್ಲಿ ಸಾಂಬಣ್ಣ ಎಂಬವನಿದ್ದ. ಹೆಂಡತಿ ತೀರಿಹೋಗಿದ್ದಳು. ಮನೆಯಲ್ಲಿ ಅವನ ಅತ್ತೆ ಚೌಡಜ್ಜಿ, ಮಗಳು ಬನಕ್ಕ. ಬನಕ್ಕನನ್ನು ಬಣ್ಣಗಾರರ ಕೇರಿಯ ಈರಭದ್ರನಿಗೆ ಕೊಡುವುದೆಂದು ಮಾತಾಗಿ, ವೀಳ್ಯ ಬದಲಾಯಿಸಿ, ವರ್ಷಗಳೇ ಆಗಿದ್ದವು. ಎರಡೂ ಕೇರಿಯವರು ಒಂದೇ ಕುಲ; ಇವರು ನೇಯುವರು, ಅವರು ನೂಲಿಗೆ ಬಣ್ಣ ಹಾಕುವರು. ಅಡ್ಡಿ ಏನೂ ಇರಲಿಲ್ಲ. ಆದರೆ ಜೋಯಿಸರು ದಿನ ಹೇಳಿದಾಗಲೆಲ್ಲ ಸಾಂಬಣ್ಣ ಒಂದೇ ಮಾತು ಹೇಳುತ್ತಿದ್ದ: "ಮಗ್ಗದ ಮೇಲೆ ಸೀರೆ ಇದೆ. ಇಳೀಲಿ." ಸೀರೆ ಇಳಿಯುತ್ತಿತ್ತು. ಮಾರನೆಯ ದಿನ ಮತ್ತೊಂದು ಏರುತ್ತಿತ್ತು. ಕಾರಣ ಎಲ್ಲರಿಗೂ ಗೊತ್ತಿತ್ತು. ಸಾಂಬಣ್ಣನ ಸೀರೆಗೆ ಹೆಸರು ಬಂದದ್ದು ಅಂಚಿನಿಂದ. ಅಂಚು ಬನಕ್ಕನ ಕೈಯದು. ಅವಳು ಹೋದರೆ ಮಗ್ಗ ಬರಿದಾಗುತ್ತದೆ, ಮನೆಯೂ. ಇದನ್ನು ಅವನು ಬಾಯಿಬಿಟ್ಟು ಯಾರಿಗೂ ಹೇಳಿದವನಲ್ಲ.

ಈರಭದ್ರ ದಿನವೂ ನೂಲು ತರುತ್ತಿದ್ದ. ಅಷ್ಟು ನೂಲು ಆ ಮನೆಗೆ ಬೇಕಿರಲಿಲ್ಲ. ಮೊಣಕೈವರೆಗೆ ನೀಲಿಯಾದ ಕೈಯಲ್ಲಿ ಮಗ್ಗದ ಪಕ್ಕ ನೂಲು ಇಳಿಸಿ, ನೀರು ಕೇಳುವನು. ಬನಕ್ಕ ತಂದುಕೊಟ್ಟರೆ ಕುಡಿದು, ಇನ್ನೊಂದು ಚೊಂಬು ಕೇಳುವನು. ಒಮ್ಮೆ ಚೌಡಜ್ಜಿ ಕೇಳಿಯೇಬಿಟ್ಟಳು.

"ನಿಮ್ಮ ಕೇರೀಲಿ ಬಾವಿ ಬತ್ತೋಯ್ತೇನಪ್ಪ?"

"ಇಲ್ಲಜ್ಜಿ. ಅಲ್ಲಿ ನೀರೆಲ್ಲ ನೀಲಿ."

ಆ ಜನರಲ್ಲಿ ಮದುವೆಗೆ ಮೊದಲು ಹಾಲುಗಂಬ ನೆಡುವ ಪದ್ಧತಿ. ಈಗಲೂ ಇದೆ. ಹೆಣ್ಣಿನ ಸೋದರಮಾವ ಆಲ, ಅತ್ತಿಯಂಥ ಹಾಲು ಬರುವ ಮರದ ಹಸಿ ಕೊಂಬೆಯನ್ನು, ತುದಿಯ ಎಲೆ ಉಳಿಸಿ, ಕಡಿದು ತರಬೇಕು. ಸೂರ್ಯ ಹುಟ್ಟುವ ಮೊದಲು ಅಂಗಳದ ಈಶಾನ್ಯ ಮೂಲೆಯಲ್ಲಿ ನೆಡಬೇಕು. ಮುತ್ತೈದೆಯರು ಹಾಲೆರೆದು, ಅರಿಸಿನ ಕೊಂಬಿನ ದಾರ ಕಟ್ಟುತ್ತಾರೆ. ಒಮ್ಮೆ ಹಾಲೆರೆದ ಕಂಬವನ್ನು ಮದುವೆ ಮುಗಿಯುವವರೆಗೆ ಯಾರೂ ಅಲುಗಿಸುವಂತಿಲ್ಲ. ಕಿತ್ತರೆ ಆ ಹುಡುಗಿಗೆ ಮದುವೆಯೇ ಆಗುವುದಿಲ್ಲವೆಂದು ನಂಬಿಕೆ. ಬನಕ್ಕನ ಸೋದರಮಾವ ಗುರುವಣ್ಣ ಅದೇ ಕೇರಿಯ ಕೊನೆಯ ಮನೆಯವನು, ಚೌಡಜ್ಜಿಯ ಮಗ. ಕಾದು ಕಾದು ಅವನಿಗೆ ಸಾಕಾಗಿತ್ತು. ಒಂದು ಸಂಜೆ ಬಂದು ಅಂಗಳದಲ್ಲೇ ನಿಂತು, "ಭಾವ, ನೀನು ದಿನ ಗೊತ್ತು ಮಾಡ್ತೀಯೋ, ಇಲ್ಲ ನಾನೇ ಕಂಬ ತಂದು ನೆಟ್ಟುಬಿಡ್ಲೋ?" ಎಂದ. ಸಾಂಬಣ್ಣ ಮಗ್ಗದಿಂದ ತಲೆ ಎತ್ತಲಿಲ್ಲ. "ನೆಡು ಹೋಗು" ಎಂದ.

ಮಾರನೆಯ ಬೆಳಗಿನ ಜಾವ ತಿಪ್ಪಯ್ಯನ ಸಾಲು ನೇಕಾರರ ಕೇರಿಗೆ ಬಂತು. ಹೆಬ್ಬಾಗಿಲಿನಿಂದ ಕೆರೆಗೆ ಹಿಡಿದ ಗೆರೆ ಸಾಂಬಣ್ಣನ ಅಂಗಳದ ಈಶಾನ್ಯ ಮೂಲೆಯನ್ನು ಹಾದುಹೋಗುತ್ತಿತ್ತು. ಆಳುಗಳು ಅಲ್ಲೊಂದು ಕೊಂಬೆ ನೆಟ್ಟು ಮುಂದೆ ಹೋದರು. ಹೊಸಿಲಿಗೆ ನೀರು ಹಾಕಲು ಚೌಡಜ್ಜಿ ಬಾಗಿಲು ತೆಗೆದಳು. ಹಸಿ ಆಲದ ಕೊಂಬೆ. ತುದಿಯಲ್ಲಿ ಎಲೆ. ಈಶಾನ್ಯ ಮೂಲೆ. ಹಿಂದಿನ ಸಂಜೆಯ ಮಾತು ಕಿವಿಯಲ್ಲಿತ್ತು. ಮಗ ಆಡಿದಂತೆ ಮಾಡಿದನೆಂದು ಅವಳು ತಿಳಿದಳು. ಯಾರನ್ನೂ ಕೇಳಲಿಲ್ಲ. ನೀರಿನ ಚೊಂಬು ಅಲ್ಲೇ ಇಟ್ಟು ಕೇರಿಯನ್ನೆಲ್ಲ ಎಬ್ಬಿಸಿದಳು. ಸಾಂಬಣ್ಣ ಕಣ್ಣುಜ್ಜಿಕೊಂಡು ಹೊರಗೆ ಬರುವಷ್ಟರಲ್ಲಿ ಕಂಬಕ್ಕೆ ಹಾಲಾಗಿತ್ತು, ಅರಿಸಿನವಾಗಿತ್ತು, ಹಾಡು ಆರತಿಯವರೆಗೆ ಬಂದಿತ್ತು.

ಅವನು ನೇರ ಗುರುವಣ್ಣನ ಮನೆಗೆ ಹೋಗಿ ಕಂಬಳಿ ಎಳೆದ.

"ನೆಟ್ಟೆಯಲ್ಲ."

"ಏನನ್ನ?"

"ಕಂಬ."

ಗುರುವಣ್ಣ ಎದ್ದು ಕೂತು ಸ್ವಲ್ಪ ಯೋಚಿಸಿದ. "ನಾನು ನೆಟ್ಟಿಲ್ಲ ಭಾವ. ಆದ್ರೆ ಯಾರೋ ಒಳ್ಳೇ ಕೆಲಸ ಮಾಡವ್ರೆ" ಎಂದು ಅಂಗಿ ಹುಡುಕತೊಡಗಿದ.

ಹೊತ್ತೇರುವ ಮೊದಲು ತಿಪ್ಪಯ್ಯ ಹಗ್ಗ ಹಿಡಿದು ಬಂದ. ತನ್ನ ಕೊಂಬೆಯ ಸುತ್ತ ರಂಗೋಲಿ ನೋಡಿ ನಿಂತುಬಿಟ್ಟ.

"ಅದು ನನ್ನ ಕೊಂಬೆ ಕಣವ್ವ" ಎಂದ.

"ನಿಂದಾ?" ಎಂದಳು ಚೌಡಜ್ಜಿ. "ಈ ವಯಸ್ಸಲ್ಲಿ ನಿಂಗ್ಯಾವ ಮದುವೆಯಪ್ಪ?"

"ಮದುವೆಯಲ್ಲ, ಬೀದಿ. ಹಗ್ಗ ಎಳೆದ ಮೇಲೆ ಇದನ್ನ ಕೀಳಬೇಕು. ಇಲ್ಲಿ ಗಾಡಿ ಓಡಾಡ್ತವೆ."

"ಹಾಲೆರೆದಾಗಿದೆ. ಕೀಳೋ ಗಂಡಸು ಯಾರದಾನೆ, ಬರಲಿ ನೋಡಾನ."

ಯಾರೂ ಬರಲಿಲ್ಲ. ಆಳುಗಳೆಲ್ಲ ಹೆಣ್ಣುಮಕ್ಕಳ ತಂದೆಯರು. ಗುದ್ದಲಿ ಊರಿಕೊಂಡು ಆಕಾಶ ನೋಡಿದರು. ಕೆಲಸ ನಿಂತಿತು. ಸುದ್ದಿ ಕೋಟೆಗೆ ಹೋಯಿತು. ಕೆಂಚನಾಯಕ ತಾನೇ ಕುದುರೆ ಹತ್ತಿ ಬಂದ. ಎರಡೂ ಕಡೆಯ ಮಾತು ಕೇಳಿದ. ಮೀಸೆಯ ಮರೆಯಲ್ಲಿ ನಕ್ಕನೆಂದು ಹೇಳುವವರಿದ್ದಾರೆ. ಆಮೇಲೆ ಸಾಂಬಣ್ಣನನ್ನು ಮುಂದೆ ಕರೆದ. "ಇದು ಅರಮನೆಯ ಕೊಂಬೆಯೋ, ನಿನ್ನ ಮಗಳ ಕಂಬವೋ? ಅರಮನೆಯದಾದರೆ ಈಗಲೇ ಕೀಳಿಸುತ್ತೇನೆ. ಮಗಳದಾದರೆ ಮದುವೆ ಮಾಡು."

ಸಾಂಬಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅರಮನೆಯದು ಎಂದರೆ ಸುಳ್ಳಲ್ಲ. ಬೀದಿ ನೇರವಾಗುತ್ತದೆ, ಮಗಳು ಮನೆಯಲ್ಲೇ ಇರುತ್ತಾಳೆ, ಅಂಚು ಉಳಿಯುತ್ತದೆ. ಬೇಲಿಯ ಆಚೆ ಈರಭದ್ರ ನಿಂತಿದ್ದ. ಹೆಗಲ ಮೇಲೆ ಅಂದಿನ ನೂಲು, ಇಳಿಸುವುದನ್ನು ಮರೆತಿದ್ದ. ಬನಕ್ಕ ಬಾಗಿಲಲ್ಲಿದ್ದಳು. ಅವಳು ಅಳಲಿಲ್ಲ, ತಂದೆಯ ಕಡೆ ನೋಡಲೂ ಇಲ್ಲ. ಹಾಲಿನ ಗಿಂಡಿಯಲ್ಲಿ ಸ್ವಲ್ಪ ಉಳಿದಿತ್ತು. ಅದನ್ನು ತಂದು ಕಂಬದ ಬುಡಕ್ಕೆ ತಾನೇ ಎರೆದು, ಗಿಂಡಿ ಹಿಡಿದು ಪಕ್ಕದಲ್ಲೇ ನಿಂತಳು. ನಾಯಕ ಕಾದ. ಉತ್ತರ ಬಾರದ್ದನ್ನು ನೋಡಿ ತಿಪ್ಪಯ್ಯನಿಗೆ ಕಣ್ಸನ್ನೆ ಮಾಡಿದ. ತಿಪ್ಪಯ್ಯ ಮೆಟ್ಟು ಬಿಟ್ಟು, ಕಂಬಕ್ಕೆ ಕೈಮುಗಿದು, ಆಮೇಲೆ ಎರಡೂ ಕೈಯಲ್ಲಿ ಹಿಡಿದ. ಅರಿಸಿನದ ದಾರ ಅವನ ಬೆರಳಿಗೆ ಸಿಕ್ಕಿ ಎಳೆಯಿತು.

"ಕೈ ತೆಗಿ" ಎಂದ ಸಾಂಬಣ್ಣ. ಬೆರಳಿಗೆ ಸಿಕ್ಕ ದಾರವನ್ನು ತಾನೇ ಬಿಡಿಸಿ, "ಮಗಳದು" ಎಂದ.

ಕೇರಿಯೆಲ್ಲ ಒಮ್ಮೆಲೇ ಉಸಿರು ಬಿಟ್ಟಿತು. ನಾಯಕ ಯಾವಾಗ ಮದುವೆ ಎಂದು ಕೇಳಿದ. ಸಾಂಬಣ್ಣ, ಬಾಯಿಗೆ ರೂಢಿಯಾದಂತೆ, "ಮಗ್ಗದ ಮೇಲೆ ಸೀರೆ ಇದೆ" ಎಂದ. ಗುರುವಣ್ಣ ತಲೆ ಚಚ್ಚಿಕೊಂಡ. ಸಾಂಬಣ್ಣ ಮಾತು ಮುಗಿಸಿರಲಿಲ್ಲ. "ಅವಳ ಧಾರೆ ಸೀರೆ" ಎಂದ.

"ಅದು ಯಾವಾಗ ಧಾರೆ ಸೀರೆ ಆಯ್ತೋ?" ಎಂದಳು ಚೌಡಜ್ಜಿ.

"ಈಗ."

ನಾಯಕ ಕುದುರೆ ತಿರುಗಿಸಿದ. ಸೀರೆ ಇಳಿಯುವವರೆಗೆ ಬೀದಿಯ ಕೆಲಸ ನಿಲ್ಲಲಿ ಎಂದು ಹೇಳಿ ಹೋದ. ಮದುಮಗಳು ತನ್ನ ಧಾರೆ ಸೀರೆಯನ್ನು ತಾನೇ ನೇಯಬಾರದು. ಅಂಚನ್ನು ಸಾಂಬಣ್ಣನೇ ಹಿಡಿಯಬೇಕಾಯಿತು. ಅವನು ಅಂಚು ನೇಯುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು. ಬನಕ್ಕ ಹಿಂದೆ ನಿಂತು ಹೇಳಿಕೊಡುತ್ತಿದ್ದಳು. ತಪ್ಪಿದಾಗ, "ಅಪ್ಪ, ಬಿಚ್ಚು" ಎನ್ನುತ್ತಿದ್ದಳು. ಅವನು ಬಿಚ್ಚುತ್ತಿದ್ದ. ಮತ್ತೆ ನೇಯುತ್ತಿದ್ದ. ಮತ್ತೆ, "ಅಪ್ಪ, ಬಿಚ್ಚು." ಕೇರಿಯ ಹೆಂಗಸರು ನೀರಿಗೆ ಹೋಗುವಾಗ ಆ ಮನೆಯ ಮುಂದೆ ಬೇಕೆಂದೇ ನಿಧಾನ ನಡೆಯುತ್ತಿದ್ದರು. ಆ ವರ್ಷದ ದಸರೆ ಮೆರವಣಿಗೆ ಹಳೆಯ ದಾರಿಯಲ್ಲೇ ಸುತ್ತಿಕೊಂಡು ಹೋಯಿತು. ಮಳೆ ಚೆನ್ನಾಗಿ ಹಿಡಿಯಿತು. ಸೀರೆ ಇಳಿಯಿತು. ಅಂಚು ಅಷ್ಟೇನೂ ನೇರವಿರಲಿಲ್ಲ ಎನ್ನುತ್ತಾರೆ. ಬನಕ್ಕ ಅದನ್ನೇ ಉಟ್ಟು ಧಾರೆಗೆ ನಿಂತಳು. ಈರಭದ್ರ ಕೈಯನ್ನು ಎಷ್ಟು ತಿಕ್ಕಿದರೂ ನೀಲಿ ಹೋಗಿರಲಿಲ್ಲ. ಧಾರೆಯ ನೀರು ಆ ಕೈಯ ಮೇಲೆ ಬಿದ್ದಾಗ ಚೌಡಜ್ಜಿ, "ಈಗ ಸಾಕೇನಪ್ಪ ನೀರು?" ಎಂದಳಂತೆ. ಪುರೋಹಿತರು ಮಂತ್ರ ನಿಲ್ಲಿಸಿ ನಕ್ಕರಂತೆ.

ಚಪ್ಪರ ಬಿಚ್ಚುವ ದಿನ ತಿಪ್ಪಯ್ಯ ಮತ್ತೆ ಹಗ್ಗ ಹಿಡಿದು ಬಂದ. ಕಂಬವನ್ನು ಕಿತ್ತು ಕೆರೆಗೆ ಬಿಡುವುದು ಪದ್ಧತಿ. ಆದರೆ ಕಂಬ ಚಿಗುರಿತ್ತು. ಮಳೆಗೆ ಬೇರು ಬಿಟ್ಟು, ತುದಿಯಲ್ಲಿ ಕೆಂಪು ಎಲೆ ಬಿಚ್ಚಿಕೊಂಡಿತ್ತು. ಕೀಳಬೇಕಾದವನು ಸೋದರಮಾವ. ಗುರುವಣ್ಣ ಹಿಡಿದು ಎಳೆದು, "ಬರಲ್ಲ" ಎಂದ. ಸರಿಯಾಗಿ ಎಳಿ ಎಂದ ತಿಪ್ಪಯ್ಯ. "ನೆಟ್ಟವನು ನೀನು, ನೀನೇ ಎಳಿ" ಎಂದ ಗುರುವಣ್ಣ. ತಿಪ್ಪಯ್ಯನೂ ಎಳೆದ. ಬರಲಿಲ್ಲ. ಇಬ್ಬರೂ ನಿಜವಾಗಿ ಎಳೆಯಲಿಲ್ಲ ಎಂಬುದು ಊರಿಗೆಲ್ಲ ತಿಳಿದ ಮಾತು. ತಿಪ್ಪಯ್ಯ ಹೆದರುತ್ತಲೇ ಹೆಬ್ಬಾಗಿಲಿಗೆ ಹೋಗಿ ನಾಯಕನಿಗೆ ತೋರಿಸಿದ. ಗೆರೆಯ ನಡುವೆ ಚಿಗುರು. ಅದರ ಹಿಂದೆ ನೀರು. ಇಂದು ಗಿಡ, ನಾಳೆ ಮರವಾದರೆ ನೀರು ಮರೆಯಾಗುತ್ತದೆ ಎಂದ. ನಾಯಕ ಬಹಳ ಹೊತ್ತು ನೋಡಿದ. "ನೀರು ಎಲ್ಲೂ ಓಡಿಹೋಗುವುದಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿ ನೋಡುತ್ತೇನೆ. ಬೀದಿಯನ್ನು ಪಕ್ಕಕ್ಕೆ ಸರಿಸು" ಎಂದ. ತಿಪ್ಪಯ್ಯ ಸರಿಸಿದ. ಬೀದಿ ಸೊಟ್ಟಗಾದದ್ದು ಹಾಗೆ.

ಚಿಗುರಿದ ಹಾಲುಗಂಬ ನೋಡಲು ಸುತ್ತಲ ಹಳ್ಳಿಗಳಿಂದ ಜನ ಬಂದರು. ಮದುವೆ ನಿಂತುಹೋದ ಮನೆಯವರು ಹೆಚ್ಚಾಗಿ ಬಂದರು. ಸಾಂಬಣ್ಣ ಗಿಡದ ಪಕ್ಕ ಚಾಪೆ ಹಾಸಿ ಸೀರೆ ಹರಡಿದ. ಅಂಚು ಮತ್ತೆ ಮೊದಲಿನಂತೆ ನೇರವಾಗಿತ್ತು. ಬನಕ್ಕ ಗಂಡನ ಮನೆಯಲ್ಲಿ ಕೂತು ನೇಯ್ದು ಕಳಿಸುತ್ತಿದ್ದಳು. ಬಣ್ಣಗಾರರ ಕೇರಿ ಕೂಗಿದರೆ ಕೇಳುವಷ್ಟು ಹತ್ತಿರ. ಇಷ್ಟು ಹತ್ತಿರಕ್ಕೆ ಅಷ್ಟು ವರ್ಷ ಕಾಯಿಸಿದೆಯಲ್ಲ ಎಂದು ಗುರುವಣ್ಣ ಹಂಗಿಸಿದರೆ, ಸಾಂಬಣ್ಣ ಗಿರಾಕಿಯ ಕಡೆ ತಿರುಗುತ್ತಿದ್ದ. ಅವನ ಪಕ್ಕ ಬಳೆಗಾರ ಬಂದ. ಆಮೇಲೆ ಹೂವಿನವರು, ಪಾತ್ರೆಯವರು, ಅರಿಸಿನ ಕುಂಕುಮದವರು. ಬೀದಿ ತುಂಬಿತು.

ಈಗ ಆಲದ ಬಿಳಲುಗಳನ್ನು ನಗರಸಭೆಯವರು ಆಗಾಗ ಕತ್ತರಿಸುತ್ತಾರೆ. ಬಿಟ್ಟರೆ ಬಸ್ಸು ತಿರುಗುವುದಿಲ್ಲ. ಬುಡಕ್ಕೆ ಕಟ್ಟೆ ಕಟ್ಟಿದ್ದಾರೆ. ಮದುವೆ ಜವಳಿಗೆ ಬಂದವರು ಮೊದಲು ಅಲ್ಲಿ ಹಾಲೆರೆಯುತ್ತಾರೆ. ಎದುರಿನ ಹಾಲಿನ ಬೂತಿನಲ್ಲಿ ಲಗ್ನದ ತಿಂಗಳುಗಳಲ್ಲಿ ಮಧ್ಯಾಹ್ನಕ್ಕೇ ಪ್ಯಾಕೆಟ್ ಖಾಲಿ. ಮರದ ಸುತ್ತಲಿನ ಹಳೆಯ ಸೀರೆ ಅಂಗಡಿಗಳಲ್ಲಿ ಒಂದು ನಿಯಮವಿದೆ. ಧಾರೆ ಸೀರೆ ಕೇಳಿದರೆ ಗಾದಿಯ ಮೇಲೆ ಕೂತವನು ಮೊದಲು, "ದಿನ ಗೊತ್ತಾಗಿದೆಯಾ?" ಎನ್ನುತ್ತಾನೆ. ಇಲ್ಲವೆಂದರೆ ಉಳಿದ ಸೀರೆ ಎಲ್ಲ ತೋರಿಸುತ್ತಾನೆ, ಕಾಫಿ ತರಿಸುತ್ತಾನೆ, ಧಾರೆ ಸೀರೆ ಮಾತ್ರ ಮೇಲಿನ ಅಟ್ಟದಿಂದ ಕೆಳಗೆ ಬರುವುದಿಲ್ಲ. ಇದನ್ನು ತಿಳಿದೇ ಕೆಲವು ಹೆಂಗಸರು, ಮಗಳ ಮದುವೆ ಮುಂದೂಡುವ ಗಂಡಂದಿರನ್ನು ಈ ಬೀದಿಗೆ ಕರೆತರುತ್ತಾರೆ. ಭಾನುವಾರ ಸಂಜೆ ಹೋದರೆ ಕಟ್ಟೆಯ ಮೇಲೆ ಒಬ್ಬನಾದರೂ ತಂದೆ ಕಾಣುತ್ತಾನೆ. ಒಂದು ಕಿವಿಗೆ ಫೋನು, ಹಾರನ್ ಸದ್ದಿಗೆ ಇನ್ನೊಂದು ಕಿವಿಗೆ ಬೆರಳು, ಆಚೆ ಕಡೆ ಪುರೋಹಿತರು. ಮಗಳು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಬೇರೆಲ್ಲೋ ನೋಡುತ್ತಿರುತ್ತಾಳೆ. ಅವನು ತಲೆಯಾಡಿಸುತ್ತಾನೆ. ಒಳಗೆ, ಯಾರೂ ಹೇಳದೆಯೇ, ಅಂಗಡಿಯ ಹುಡುಗನೊಬ್ಬ ಅಟ್ಟದ ಏಣಿ ಹತ್ತುತ್ತಾನೆ.